ಸಿಸಿಲಿಯಾಳ ಹಣೆಯ ಬೂದಿ

ಪ್ರಿಯರೇ,

ನಿಮ್ಮ 'ಬೆಳಕಿನ ದಾರಿ' ಕಥೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಕಥೆ ಇದೆ, ಅದನ್ನು ನೀವೇ ಬರೆಯಬೇಕು. ಅದಕ್ಕಾಗಿ ಈ ಉದ್ದದ ಪತ್ರ.

ನಿಮ್ಮ ಕಥೆ ಇಷ್ಟು: ಕಲ್ಯಾಣಪುರದ ಸಿಸಿಲಿಯಾ ಉಡುಪಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಶುಭ ಶುಕ್ರವಾರ (ಗುಡ್ ಫ್ರೈಡೇ) ಬೆಳಿಗ್ಗೆ ರೊಜಾರಿಯೊ ಕೆಥೆಡ್ರಲಿನಲ್ಲಿ ಬಲಿಪೂಜೆ (ಮಾಸ್) ಮುಗಿಸಿಕೊಂಡು ಕೆಲಸಕ್ಕೆ ಬರುತ್ತಾಳೆ. ಸಂಜೆ ಲೆಕ್ಕಕ್ಕಿಂತ 2,000 ರೂಪಾಯಿ ಹೆಚ್ಚು ಸಿಗುತ್ತದೆ. ಆಸೆಯಾಗುತ್ತದೆ, ಬೈಬಲಿನ ವಾಕ್ಯ ನೆನಪಾಗುತ್ತದೆ, ಹಣ ಮರಳಿಸುತ್ತಾಳೆ. ಹಣ ಕಳಕೊಂಡಿದ್ದ ಶೆಟ್ಟರು 'ನಿಮ್ಮ ಧರ್ಮ ಎಷ್ಟು ದೊಡ್ಡದಮ್ಮ' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನಡುನಡುವೆ ಮೊಂತಿ ಫೆಸ್ತ್ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ತೆನೆಹಬ್ಬವೂ ಹೌದು), ಕ್ರಿಸ್ಮಸ್, ಅಜ್ಜಿಯ ಜಪಸರ.

ಮೊದಲು ಆ ದಿನದ ವಿಷಯ. ಶುಭ ಶುಕ್ರವಾರ ಕಥೋಲಿಕ ಚರ್ಚಿನಲ್ಲಿ ಬಲಿಪೂಜೆ ಇರುವುದಿಲ್ಲ. ವರ್ಷದಲ್ಲಿ ಪೂಜೆಯೇ ಇಲ್ಲದ ದಿನ ಅದು. ಮಧ್ಯಾಹ್ನ ಮೂರರ ಸುಮಾರಿಗೆ ಯಾತನೆಯ ಪ್ರಾರ್ಥನಾವಿಧಿ ನಡೆಯುತ್ತದೆ. ಪೀಠದ ಮೇಲೆ ಬಟ್ಟೆಯಿಲ್ಲ, ಹೂವಿಲ್ಲ. ಕೊಡುವ ಪರಮಪ್ರಸಾದ (ಪವಿತ್ರ ರೊಟ್ಟಿ) ಗುರುವಾರ ರಾತ್ರಿಯೇ ಪವಿತ್ರೀಕರಿಸಿ ಇಟ್ಟದ್ದು. ಗಂಟೆಗಳು ಗುರುವಾರದಿಂದ ಪಾಸ್ಖ (ಈಸ್ಟರ್) ಜಾಗರಣೆಯವರೆಗೆ ಮೌನ. ಅವುಗಳ ಬದಲು ಮರದ ಹಲಗೆ ಬಡಿಯುತ್ತಾರೆ. ನಿಮ್ಮ ಕಥೆಯಲ್ಲಿ ಆ ಬೆಳಿಗ್ಗೆ ಗಂಟೆ 'ಮಧುರವಾಗಿ ಮೊಳಗುತ್ತದೆ'. ನಮ್ಮ ಊರಿನ ಯಾವ ಅಜ್ಜಿಯೂ ಅಲ್ಲಿಂದ ಮುಂದೆ ಓದುವುದಿಲ್ಲ. ಅಷ್ಟೇ ಅಲ್ಲ, ಆ ದಿನ ಬ್ಯಾಂಕಿಗೂ ರಜೆ. ರೊಜಾರಿಯೊ ಇರುವುದು ಮಂಗಳೂರಿನಲ್ಲಿ. ಕಲ್ಯಾಣಪುರದವಳು ಕೆಲಸಕ್ಕೆ ಮೊದಲು ಐವತ್ತು ಅರುವತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಬರುವುದು ಹೇಗೆ? ಅವಳ ಊರಿನಲ್ಲೇ ಮಿಲಾಗ್ರಿಸ್ ಚರ್ಚು ಇದೆ, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಬೇರೆಯಾದಂದಿನಿಂದ ಅದೇ ಕೆಥೆಡ್ರಲ್. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಬೇರೆ, ಎರಡನ್ನೂ ಬೆರೆಸಬೇಡಿ.

ಈ ತಪ್ಪನ್ನು ತಿದ್ದುವ ದಾರಿಯೇ ನಿಮ್ಮ ಕಥೆಯನ್ನು ಎತ್ತಬಲ್ಲದು. ಘಟನೆಯನ್ನು ವಿಭೂತಿ ಬುಧವಾರಕ್ಕೆ, ಅಂದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಆರಂಭವಾಗುವ ದಿನಕ್ಕೆ, ತನ್ನಿ.

ಆ ದಿನ ರಜೆಯಿಲ್ಲ. ಸಿಸಿಲಿಯಾ ಬೆಳಗಿನ ಪೂಜೆಗೆ ಹೋಗಿ, ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು, ಸಂತೆಕಟ್ಟೆಯಲ್ಲಿ ಬಸ್ಸು ಹತ್ತಿ ನೇರ ಕೌಂಟರಿಗೆ ಬರಬೇಕು. ಆ ಬೂದಿ ಎಲ್ಲಿಂದ ಬಂತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ: ಕಳೆದ ವರ್ಷ ಗರಿಗಳ ಭಾನುವಾರ ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಎಳೆಗರಿ ಒಣಗಿ, ಚರ್ಚಿಗೆ ಮರಳಿ, ಸುಟ್ಟು ಬೂದಿಯಾದದ್ದು. ಅಂದರೆ ಅವಳ ಮನೆಯ ಗೋಡೆಯಲ್ಲಿದ್ದದ್ದೇ ಅವಳ ಹಣೆಗೆ ಬಂದಿದೆ. ಫೆಬ್ರವರಿ ಇಲ್ಲವೇ ಮಾರ್ಚ್ ಆರಂಭದ ಕರಾವಳಿಯ ಸೆಕೆಯಲ್ಲಿ ಅದು ಹನ್ನೊಂದು ಗಂಟೆಗೆಲ್ಲ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿಯುತ್ತದೆ. ಗಾಜಿನ ಆಚೆಯಿಂದ ಒಬ್ಬರು 'ಅಕ್ಕಾ, ಹಣೆಗೆ ಮಸಿ ಅಂಟಿದೆ' ಅನ್ನುತ್ತಾರೆ. ಒರೆಸಿಕೊಳ್ಳಬೇಕೇ, ಬೇಡವೇ?

ಇದು ಸುಲಭದ ಪ್ರಶ್ನೆಯಲ್ಲ, ಯಾಕೆಂದರೆ ಅದೇ ಬೆಳಿಗ್ಗೆ ಪೂಜೆಯಲ್ಲಿ ಓದಿದ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡ, ಮುಖ ತೊಳೆದುಕೋ ಎಂದು ಯೇಸು ಹೇಳುವ ಭಾಗ. ಅದನ್ನು ಕೇಳಿದ ಮೇಲೆ ಅದೇ ಜನ ಎದ್ದು ಸಾಲಾಗಿ ಹೋಗಿ ಹಣೆಗೆ ಬೂದಿ ಹಾಕಿಸಿಕೊಳ್ಳುತ್ತಾರೆ. ಒರೆಸಿದರೆ ಗುರುತನ್ನು ಮುಚ್ಚಿಟ್ಟಂತೆ, ಬಿಟ್ಟರೆ ತೋರಿಸಿಕೊಂಡಂತೆ. ದಿನನಿತ್ಯದ ಬಾಳಿನಲ್ಲಿ ನಂಬಿಕೆ ಮತ್ತು ಗುರುತು ಎಂದು ನೀವು ಮೊದಲ ಪುಟದಲ್ಲಿ ಇಪ್ಪತ್ತು ಸಾಲು ವಿವರಿಸಿದ್ದೀರಲ್ಲ, ಅದೆಲ್ಲ ಈ ಒಂದು ಕರವಸ್ತ್ರದಲ್ಲಿದೆ. ಅವಳು ಏನು ಮಾಡುತ್ತಾಳೆಂದು ನೀವೇ ನಿರ್ಧರಿಸಿ. ಆದರೆ ಕರವಸ್ತ್ರ ಅವಳ ಕೈಗೆ ಬರಲಿ.

ಆ ದಿನ ಉಪವಾಸವೂ ಹೌದು. ಹದಿನೆಂಟರಿಂದ ಐವತ್ತೊಂಬತ್ತರವರೆಗಿನವರಿಗೆ ಒಂದೇ ಪೂರ್ಣ ಊಟ. ಬೇಕಿದ್ದರೆ ಎರಡು ಸಲ ಅಲ್ಪಾಹಾರ, ಎರಡೂ ಸೇರಿ ಒಂದು ಊಟದಷ್ಟಾಗಬಾರದು. ಹದಿನಾಲ್ಕು ದಾಟಿದ ಎಲ್ಲರಿಗೂ ಮಾಂಸ ವರ್ಜ್ಯ; ಮೀನಿಗೆ ಆ ನಿಯಮವಿಲ್ಲ. ನಿಮ್ಮ ಸಿಸಿಲಿಯಾ 'ಹನಿ ನೀರೂ ಮುಟ್ಟದೆ' ಇರುತ್ತಾಳೆ. ಅಂಥದ್ದನ್ನು ಚರ್ಚು ಕೇಳುವುದಿಲ್ಲ, ಅವಳೇ ವ್ರತ ಹಿಡಿದಿದ್ದರೆ ಕಾರಣ ಕೊಡಿ. ಎರಡು ಬಿಸ್ಕತ್ತು, ಒಂದು ಲೋಟ ಚಹಾ ಕುಡಿದು ಕೂತವಳನ್ನು ಓದುಗ ಬೇಗ ನಂಬುತ್ತಾನೆ.

ಈಗ ಹಣ. ನಿಮ್ಮಲ್ಲಿ 'ಹೇಗೋ ಎರಡು ಸಾವಿರ ಹೆಚ್ಚಾಗಿತ್ತು'. ಹೇಗೋ ಹೆಚ್ಚಾಗುವುದಿಲ್ಲ. ಒಬ್ಬ ಗ್ರಾಹಕ ಜಮಾ ಚೀಟಿಯಲ್ಲಿ ಐನೂರರ ನೋಟು 36, ಒಟ್ಟು 18,000 ಎಂದು ಬರೆದು, 40 ನೋಟು ಕೊಟ್ಟಿದ್ದಾನೆ ಎನ್ನಿ. ಯಂತ್ರ 40 ಎಂದೇ ತೋರಿಸಿದೆ. ಸಿಸಿಲಿಯಾ ಯಂತ್ರವನ್ನು ನೋಡುವ ಬದಲು ಚೀಟಿಯನ್ನು ನೋಡಿ ಮೊಹರು ಹಾಕಿದ್ದಾಳೆ. ಮಧ್ಯಾಹ್ನದ ಹಸಿವು, ಹಣೆಯ ಕಡೆ ನೋಡುವ ಜನ, ಹುಬ್ಬಿಗೆ ಇಳಿದ ಬೂದಿ. ತಪ್ಪು ಅವಳದೇ, ಅದಕ್ಕೆ ಅವಳ ಉಪವಾಸವೂ ಕಾರಣ. ಭಕ್ತಿ ಅವಳನ್ನು ಒಳ್ಳೆಯ ಕ್ಯಾಷಿಯರ್ ಮಾಡಲಿಲ್ಲ, ಆ ಒಂದು ಗಂಟೆ ಕೆಟ್ಟ ಕ್ಯಾಷಿಯರ್ ಮಾಡಿತು. ಇಷ್ಟನ್ನು ಬರೆಯುವ ಧೈರ್ಯ ಮಾಡಿದರೆ ಕಥೆ ಉಪದೇಶದ ಕೈಯಿಂದ ತಪ್ಪಿಸಿಕೊಳ್ಳುತ್ತದೆ.

ಸಂಜೆ ನಗದು ವ್ಯವಹಾರ ನಿಂತ ಮೇಲೆ ನೋಟುಗಳನ್ನು ಮುಖಬೆಲೆಯಂತೆ ವಿಂಗಡಿಸಿ, ನೂರು ನೋಟಿನ ಕಟ್ಟು ಮಾಡಿ, ಬಿಡಿಯನ್ನು ಬೇರೆ ಎಣಿಸಿ, ಪುಸ್ತಕದ ಮೊತ್ತದೊಂದಿಗೆ ತಾಳೆ ನೋಡುತ್ತಾರೆ. ಹೆಚ್ಚು ಬಂದರೆ ಅದನ್ನು ಅದೇ ದಿನ ಸಂಡ್ರಿ ಖಾತೆಗೆ (ವಾರಸುದಾರರು ಗೊತ್ತಾಗುವವರೆಗೆ ಇಂಥ ಹಣ ಇಡುವ ಬ್ಯಾಂಕಿನದೇ ಖಾತೆ) ಜಮಾ ಮಾಡಬೇಕು. ಗ್ರಾಹಕ ಬಂದರೆ ಚೀಟಿ ಪರಿಶೀಲಿಸಿ ಮೇಲಧಿಕಾರಿಯ ಸಹಿಯೊಂದಿಗೆ ಅಲ್ಲಿಂದ ಕೊಡುತ್ತಾರೆ. ನಿಮ್ಮ ಸಿಸಿಲಿಯಾ ಹಣವನ್ನು ಪರ್ಸಿನಲ್ಲಿಟ್ಟುಕೊಂಡು ರಾತ್ರಿ ಶೆಟ್ಟರ ಮನೆ ಹುಡುಕಿ ಹೋಗುತ್ತಾಳೆ. ಅದು ಪ್ರಾಮಾಣಿಕತೆಯಂತೆ ಕಂಡರೂ ಬ್ಯಾಂಕಿನಲ್ಲಿ ಅದೇ ಒಂದು ಅಪರಾಧ. ಅವಳ ಕೆಲಸವೇ ಹೋಗಬಹುದು, ನಿಮ್ಮ ಕಥೆಗೆ ಅದು ಗೊತ್ತೇ ಇಲ್ಲ.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಸಾಮಾನ್ಯವಾಗಿ ಕ್ಯಾಷಿಯರೇ ತುಂಬಿಕೊಡಬೇಕಾಗುತ್ತದೆ. ಹೆಚ್ಚು ಬಂದರೆ ಅವಳದಲ್ಲ. ಕಳೆದ ತಿಂಗಳು ಅವಳು ತನ್ನ ಸಂಬಳದಿಂದ 1,500 ತುಂಬಿದ್ದಳು ಎಂದು ಒಂದು ಸಾಲು ಬರೆದು ನೋಡಿ. ಆಗ ಮೇಜಿನ ಮೇಲಿನ ನಾಲ್ಕು ನೋಟು ಬೇರೆಯದೇ ಆಗಿ ಕಾಣುತ್ತದೆ. 'ಇದು ನನ್ನದೇ ಹಣ ಮರಳಿ ಬಂದದ್ದಲ್ಲವೇ' ಎಂಬ ವಾದಕ್ಕೆ ಅವಳಲ್ಲಿ ಸುಲಭದ ಉತ್ತರವಿಲ್ಲ. ಆಸೆ ಎಂದು ನೀವು ಬರೆದದ್ದಕ್ಕಿಂತ ಇದು ಹೆಚ್ಚು ನಿಜ. ಮನುಷ್ಯರು ಬೀಳುವುದು ನ್ಯಾಯದ ಹೆಸರಿನಲ್ಲೇ.

ಬೈಬಲಿನ ವಾಕ್ಯಗಳು ಏಳು ಇವೆ. ಒಂದೇ ಸಾಕು, ಅದೂ ಅವಳಿಗೆ ಅರ್ಧ ನೆನಪಾಗಲಿ. ಅವಳು ಕಥೋಲಿಕಳಾದ್ದರಿಂದ 'ಪ್ರಭು' ಅನ್ನುತ್ತಾಳೆ, ನೀವು ಬರೆಸಿದಂತೆ 'ಕರ್ತನು' ಅಲ್ಲ. ಈ ಗೊಂದಲ ಕಥೆಯುದ್ದಕ್ಕೂ ಇದೆ. ಅಜ್ಜಿ ಜಪಸರ ಹಿಡಿದಿದ್ದಾಳೆ, ಮನೆಗೆ ಬರುವವರು ಮಾತ್ರ 'ಸಭಾಪಾಲಕರು'. ಜಪಸರ, ಪಾಪನಿವೇದನೆ, ಧರ್ಮಗುರು, ಬಲಿಪೂಜೆ ಒಂದು ಮನೆಯ ಮಾತು. ಸಭಾಪಾಲಕರು, ಆರಾಧನೆ, ಕರ್ತನ ಭೋಜನ ಪ್ರೊಟೆಸ್ಟೆಂಟರ, ಅಂದರೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯ ಮಾತು. ಇನ್ನು ನಿಮ್ಮ ಆರಂಭದ ಇತಿಹಾಸ: 1834ರಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಬಂದು 'ನಮ್ಮ ಕೊಂಕಣಿ ಕ್ರೈಸ್ತರು ಹುಟ್ಟಿದರು' ಎಂದಿದ್ದೀರಿ. ಕೊಂಕಣಿ ಕಥೋಲಿಕರು ಅದಕ್ಕೂ ಶತಮಾನಗಳ ಹಿಂದೆ ಗೋವೆಯಿಂದ ಬಂದವರು. ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ತುಳು, ಕನ್ನಡ ಮಾತಾಡುವವರೇ ಹೆಚ್ಚು. ತುಳುವನ್ನು ಮೊದಲು ಅಚ್ಚು ಹಾಕಿದವರೂ ಆ ಮಿಷನ್ನಿನವರೇ. ಆ ಮೂರು ಪ್ಯಾರಾಗಳನ್ನು ಪೂರ್ತಿ ಹೊಡೆದುಹಾಕಿ.

ಮಾತಿನ ಬಗ್ಗೆ: ಮನೆಯೊಳಗೆ ಇವರು ಕೊಂಕಣಿ, ಬಸ್ಸಿನಲ್ಲಿ ತುಳು, ಕೌಂಟರಿನಲ್ಲಿ ಕನ್ನಡ. ಎಲ್ಲವನ್ನೂ ಗ್ರಾಂಥಿಕ ಕನ್ನಡದಲ್ಲಿ ಬರೆದದ್ದರಿಂದ ಮೂರೂ ಸತ್ತಿವೆ. ಸಂಭಾಷಣೆಯನ್ನು ಕನ್ನಡದಲ್ಲೇ ಇಡಿ, ಆದರೆ ಕನ್ನಡ ಪದ ಸಾಲದ ಕಡೆ ಅವರ ಕೊಂಕಣಿ ಪದವನ್ನೇ ಉಳಿಸಿ: ತೆರ್ಸ್ (ಜಪಸರ ಪ್ರಾರ್ಥನೆ), ಬೆಸಾಂವ್, ಗುರ್ಕಾರ್ (ಚರ್ಚಿನ ವಾರ್ಡಿನ ಮುಖ್ಯಸ್ಥ), ಕುಮ್ಸಾರ್ (ಪಾಪನಿವೇದನೆ). ಅಡಿಟಿಪ್ಪಣಿ ಬೇಡ. ತೆರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ನಿಲ್ಲುವುದನ್ನು ತೋರಿಸಿದರೆ ಬೆಸಾಂವ್ ಅಂದರೆ ಆಶೀರ್ವಾದ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗೆಯೇ, ಐದು ರಹಸ್ಯಗಳ (ಯೇಸು, ಮರಿಯಮ್ಮನ ಬಾಳಿನ ಧ್ಯಾನಿಸುವ ಘಟನೆಗಳ) ತೆರ್ಸ್ ಐದು ನಿಮಿಷದಲ್ಲಿ ಮುಗಿಯದು, ಕಾಲು ಗಂಟೆಗೆ ಕಡಿಮೆಯಿಲ್ಲ. ಬುಧವಾರವಾದರೆ ಮಹಿಮೆಯ ರಹಸ್ಯಗಳು.

ಅಡುಗೆಯಲ್ಲೂ ಎಡವಿದ್ದೀರಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನ ಊಟದಲ್ಲಿ ನಿಮ್ಮ ಅಜ್ಜಿ ಬಂಗುಡೆ ಸಾರು ಬಡಿಸುತ್ತಾಳೆ. ಆ ದಿನ ಬಾಳೆಲೆಯ ಮೇಲೆ ಬರೀ ತರಕಾರಿ, ಪದಾರ್ಥಗಳ ಸಂಖ್ಯೆ ಬೆಸ. ಕೆಸುವಿನ ದಂಟಿಗೆ ಅಮಟೆಕಾಯಿ ಬೀಳುತ್ತದೆ, ಹುಳಿಯಿಲ್ಲದ ಕೆಸು ಗಂಟಲು ತುರಿಸುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಎರಚುತ್ತಾರೆ, ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ದುಬೈಯಲ್ಲಿರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಪಕ್ಕದ ತುಳುವರ ಮನೆಯಲ್ಲೂ ಕುರಲ್ (ತೆನೆ) ಕಟ್ಟಿ ಪುದ್ವಾರ್ (ಹೊಸ ಅಕ್ಕಿಯ) ಊಟ ಮಾಡುವುದು ಹೆಚ್ಚುಕಡಿಮೆ ಅದೇ ಕಾಲಕ್ಕೆ. ಇದನ್ನು ಹೇಳಿದರೆ ಶೆಟ್ಟರ ಬಾಯಿಯಿಂದ ಹೊಗಳಿಕೆ ಹೇಳಿಸಬೇಕಾಗಿಲ್ಲ. ಕ್ರಿಸ್ಮಸ್ಸಿನ ಕುಸ್ವಾರಿನಲ್ಲಿ (ಹಬ್ಬದ ತಿಂಡಿಗಳಲ್ಲಿ) ಹೂವಿನಾಕಾರದ ಕರಿದ ತಿಂಡಿಯಾದ ಕೊಕ್ಕಿಸಾಂನ ಹಿಟ್ಟನ್ನು ಅಚ್ಚಿಗೆ 'ಸುರಿಯುವುದು' ಬೇಡ. ಕಾದ ಎಣ್ಣೆಯಲ್ಲಿ ಅಚ್ಚನ್ನು ಕಾಯಿಸಿ, ಮುಕ್ಕಾಲು ಭಾಗ ಮಾತ್ರ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಬೇಕು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯದು, ಮೇಲಂಚಿನವರೆಗೆ ಮುಳುಗಿದರೆ ಹೂವು ಬಿಟ್ಟುಕೊಡದು. ಆದರೆ ಈ ಕಥೆಗೆ ಎರಡೂ ಹಬ್ಬ ಬೇಕಿಲ್ಲ. ಒಂದನ್ನು ತೆಗೆಯಿರಿ; ನಾವಾದರೆ ಕ್ರಿಸ್ಮಸ್ ತೆಗೆಯುತ್ತೇವೆ.

ಶೆಟ್ಟರ ಬಗ್ಗೆ ನಿಮ್ಮಲ್ಲಿ ಪ್ರೀತಿಯಿದೆ, ಆದರೆ ಅವರನ್ನು ಸಾಕ್ಷಿಗೆ ನಿಲ್ಲಿಸಿದ್ದೀರಿ. ನೆರೆಯವರನ್ನು ನಮ್ಮ ಹಿರಿಮೆಗೆ ಕನ್ನಡಿ ಮಾಡಿದರೆ ಅವರೂ ಸಣ್ಣವರಾಗುತ್ತಾರೆ, ಸಿಸಿಲಿಯಾಳೂ ಸಣ್ಣವಳಾಗುತ್ತಾಳೆ. ಬದಲಿಗೆ ಮೊಂತಿ ಫೆಸ್ತ್‌ನ ನೆನಪಿನ ಪಕ್ಕದಲ್ಲೇ, ಚೌತಿಗೆ ಅವರ ಮನೆಯಿಂದ ಬಂದ ಪಂಚಕಜ್ಜಾಯದ ಪೊಟ್ಟಣ ಅಡುಗೆಮನೆಯಲ್ಲಿರಲಿ. ಅದನ್ನು ತಿನ್ನಬೇಕೇ ಎಂಬುದರಲ್ಲಿ ಈ ಊರಿನ ಮನೆಗಳು ಒಂದೇ ರೀತಿಯಲ್ಲ: ಕೆಲವರು ತಿನ್ನುತ್ತಾರೆ, ಕೆಲವರು ಗೌರವದಿಂದ ತೆಗೆದುಕೊಂಡು ಇಟ್ಟುಬಿಡುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎಂಟು, ಹತ್ತನೆಯ ಅಧ್ಯಾಯಗಳಲ್ಲಿ ಇದೇ ವಿಷಯವನ್ನು ಅಳೆದು ಸುರಿಯುತ್ತಾನೆ, ಇನ್ನೊಬ್ಬನ ಮನಸ್ಸಾಕ್ಷಿಗೆ ನೋವಾಗಬಾರದು ಎಂಬುದನ್ನೇ ಮುಖ್ಯ ಮಾಡುತ್ತಾನೆ. ಅಜ್ಜಿ ಒಂದು ರೀತಿ, ಸಿಸಿಲಿಯಾ ಇನ್ನೊಂದು ರೀತಿ ಇರಲಿ. ಅವರಿಬ್ಬರ ನಡುವಿನ ಎರಡು ನಿಮಿಷದ ಮೌನ ನಿಮ್ಮ ಏಳು ವಾಕ್ಯಗಳ ಕೆಲಸ ಮಾಡುತ್ತದೆ.

ಒಂದು ಕಡೆ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ: ಬಸ್ಸಿನಲ್ಲಿ ಸಿಸಿಲಿಯಾ ಟಿಕೇಟನ್ನು ಮಡಿಸಿ ಮಡಿಸಿ ಜಪಸರದ ಮಣಿಯಷ್ಟು ಚಿಕ್ಕದು ಮಾಡುವ ಪ್ಯಾರಾ. ಅಲ್ಲಿ ನೀವು ಏನನ್ನೂ ವಿವರಿಸದೆ ಎಲ್ಲವನ್ನೂ ಹೇಳಿದ್ದೀರಿ. ಉಳಿದ ಕಥೆ ಆ ಪ್ಯಾರಾದ ಮಟ್ಟಕ್ಕೆ ಏರಲಿ ಎಂದೇ ಇಷ್ಟು ಕಟುವಾಗಿ ಬರೆಯುತ್ತಿದ್ದೇವೆ.

ತಿದ್ದಿದ ಪ್ರತಿ 1,800 ಪದಗಳೊಳಗೆ ಇರಲಿ. ಇತಿಹಾಸ, ಕ್ರಿಸ್ಮಸ್, ಶೆಟ್ಟರ ಕಣ್ಣೀರು ಹೋದರೆ ಅಷ್ಟಕ್ಕೆ ಇಳಿಯುತ್ತದೆ. ಕಳಿಸುವ ಮೊದಲು ಒಬ್ಬ ಕ್ಯಾಷಿಯರಿಗೆ ಕೌಂಟರಿನ ಭಾಗವನ್ನೂ, ನಿಮ್ಮ ವಾರ್ಡಿನ ಗುರ್ಕಾರರಿಗೆ ಚರ್ಚಿನ ಭಾಗವನ್ನೂ ಓದಿ ಹೇಳಿ. ಅವರು ತಡೆದು ಪ್ರಶ್ನೆ ಕೇಳಿದ ಕಡೆಗಳಲ್ಲೆಲ್ಲ ಗುರುತು ಹಾಕಿಕೊಳ್ಳಿ. ಕೊನೆಯನ್ನು ಸಂಡ್ರಿ ಖಾತೆಯ ನಮೂದಿಗೇ ನಿಲ್ಲಿಸಿ: ದಿನಾಂಕ, ರೂ. 2,000, ಅವಳ ಸಹಿ. ಶೆಟ್ಟರು ಮರುದಿನ ಬಂದರೋ ಇಲ್ಲವೋ ಬರೆಯಬೇಡಿ.

ಆದರಗಳೊಂದಿಗೆ,
ಸಂಪಾದಕರು