ಮೊದಲು ಚಿಪ್ ಯಾವುದು ನೋಡಿ

ಲ್ಯಾಪ್‌ಟಾಪ್ ಒಳಗಿನ ಡಯಲ್-ಅಪ್ ಮೋಡೆಮ್ ಲಿನಕ್ಸ್‌ನಲ್ಲಿ ಕೆಲಸ ಮಾಡ್ತಿಲ್ಲ ಅಂತ ಈ ಸಲವೂ ಪತ್ರಗಳು ಬಂದಿವೆ. ಲ್ಯಾಪ್‌ಟಾಪ್ ಮಾಡೆಲ್ ಬರೆಯುತ್ತೀರಿ. ಲಿನಕ್ಸ್ ವರ್ಷನ್ ಬರೆಯುತ್ತೀರಿ. ಒಬ್ಬರು ಕೊಂಡ ತಾರೀಖನ್ನೂ ಬರೆದಿದ್ದಾರೆ. ನನಗೆ ಬೇಕಾಗಿರುವ ಒಂದು ವಿಷಯ ಮಾತ್ರ ಯಾವ ಪತ್ರದಲ್ಲೂ ಇಲ್ಲ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಒಂದೆರಡು ಮಾತು. ಟರ್ಮಿನಲ್ ತೆರೆಯುವುದು, ರೂಟ್ ಆಗುವುದು ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮೊಬೈಲ್ ಸಿಗ್ನಲ್ ಇಲ್ಲ, ಹಳೇ ತಂತಿಯ ಲ್ಯಾಂಡ್‌ಲೈನ್ ಇದೆ. ಥಿಂಕ್‌ಪ್ಯಾಡ್ ಟಿ42 ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಲಿನಕ್ಸ್ ಹಾಕಿ ಮಳೆ ಲೆಕ್ಕ, ಆಳುಗಳ ಕೂಲಿ ಲೆಕ್ಕ ಇಟ್ಟಿದ್ದೇನೆ. ದಿನಕ್ಕೊಂದು ಸಲ ಆ ಫೈಲ್ ಹಾಸನದ ಮನೆಯ ಕಂಪ್ಯೂಟರ್‌ಗೆ ಫೋನ್ ಲೈನಿನಲ್ಲೇ ಹೋಗಬೇಕು. ಮೋಡೆಮ್ ಹುಡುಕುವ ಡಬ್ಲ್ಯುವಿಡಯಲ್‌ಕಾನ್ಫ್ ಪ್ರೋಗ್ರಾಂ ಓಡಿಸಿದರೆ ಮೋಡೆಮ್ ಇಲ್ಲ ಅನ್ನುತ್ತೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಇದೇ ಮೋಡೆಮ್ ಸರಿಯಾಗಿತ್ತು. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂದರು. ಏನು ಮಾಡಲಿ?

ಉತ್ತರ: ಮದರ್‌ಬೋರ್ಡ್ ಹೋಗಿದ್ದರೆ ಅದೇ ಯಂತ್ರದಲ್ಲಿ ನೀವು ಕೂಲಿ ಲೆಕ್ಕ ಬರೆಯುತ್ತಿರಲಿಲ್ಲ. ಬಿಚ್ಚಿ ನೋಡದೆ ಹೀಗೆ ಹೇಳುವ ಅಂಗಡಿಗೆ ಇನ್ನೊಂದು ಸಲ ಹೋಗಬೇಡಿ.

ಮೋಡೆಮ್ ಇರುವುದು ಮದರ್‌ಬೋರ್ಡ್ ಮೇಲಲ್ಲ. ಒಳಗೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಪುಟ್ಟ ಕಾರ್ಡ್ ಇರುತ್ತದೆ, ಎಂಡಿಸಿ ಅನ್ನುತ್ತಾರೆ. ಎರಡು ಸಣ್ಣ ಸ್ಕ್ರೂ, ಕೆಳಗೆ ಒಂದು ಕನೆಕ್ಟರ್, ಪಕ್ಕದಿಂದ ಹೊರಟ ಎರಡು ಎಳೆಯ ತೆಳು ವೈರ್. ಆ ವೈರ್ ಹೋಗಿ ಸೇರುವುದು ಫೋನ್ ತಂತಿ ಚುಚ್ಚುವ ಆರ್‌ಜೆ-11 ತೂತಿಗೆ. ಕೆಲವು ಟಿ42ಗಳಲ್ಲಿ ಬ್ಲೂಟೂತ್ ಕೂಡ ಇದೇ ಕಾರ್ಡಿನ ಮೇಲಿದೆ. ಕಾರ್ಡ್ ಸುಟ್ಟಿದ್ದರೂ ಅದೊಂದನ್ನೇ ಬದಲಿಸಬಹುದು. ಆದರೆ ನಿಮ್ಮದು ಸುಟ್ಟಿರುವ ಲಕ್ಷಣ ಇಲ್ಲ.

ಲಿನಕ್ಸ್‌ಗೆ ಯಾಕೆ ಕಾಣಿಸ್ತಿಲ್ಲ ಅಂದರೆ, ಅದು ಪೂರ್ತಿ ಮೋಡೆಮ್ ಅಲ್ಲ. ಮೇಜಿನ ಮೇಲೆ ಇಡುತ್ತಿದ್ದ ಹಳೇ ಮೋಡೆಮ್ ಡಬ್ಬಿಗೆ ಅದರದೇ ಪ್ರೊಸೆಸರ್ ಇರುತ್ತಿತ್ತು. ಸೀರಿಯಲ್ ಪೋರ್ಟ್‌ನಲ್ಲಿ ಎಟಿ ಅಂತ ಬರೆದರೆ ಓಕೆ ಅಂತ ಉತ್ತರ ಬರುತ್ತಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಖರ್ಚು ಉಳಿಸಲು ಆ ಪ್ರೊಸೆಸರನ್ನೇ ತೆಗೆದುಬಿಟ್ಟರು. ಉಳಿದದ್ದು ಫೋನ್ ಲೈನ್ ಹಿಡಿಯುವ ಸರ್ಕ್ಯೂಟ್ ಮತ್ತು ಶಬ್ದವನ್ನು ಅಂಕಿ ಮಾಡುವ ಕೋಡೆಕ್ ಚಿಪ್, ಅಷ್ಟೇ. ಮಿಕ್ಕ ಕೆಲಸವೆಲ್ಲ ಲ್ಯಾಪ್‌ಟಾಪಿನ ಸಿಪಿಯು ತಲೆಗೆ ಬಿತ್ತು. ಇದನ್ನೇ ವಿನ್‌ಮೋಡೆಮ್ ಅಂತ ಕರೆಯುವುದು. ಇದು ಮೋಡೆಮ್‌ಗಿಂತ ಸೌಂಡ್ ಕಾರ್ಡ್‌ಗೆ ಹತ್ತಿರ. ಲಿನಕ್ಸ್‌ನಲ್ಲಿ ಇದರ ಡ್ರೈವರ್ ಸೌಂಡ್ ಡ್ರೈವರ್‌ಗಳ ಜೊತೆ ಇರುವುದು ಅದಕ್ಕೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟಿಟಿವೈಎಸ್0 ಅನ್ನುವ ಸೀರಿಯಲ್ ಪೋರ್ಟ್‌ಗೆ ಮೋಡೆಮ್ ಅಂತ ಲಿಂಕ್ ಮಾಡಿ, ಸೆಟ್‌ಸೀರಿಯಲ್‌ನಲ್ಲಿ ಐಆರ್‌ಕ್ಯೂ ಬದಲಿಸಿ, ಪರ್ಮಿಷನ್ 777 ಮಾಡಿ ಅಂತ ಹೇಳಿಕೊಡುವವರು ಇನ್ನೂ ಇದ್ದಾರೆ. ಹೆಸರಿನ ಲಿಂಕ್ ಹಾಕಿದ ಮಾತ್ರಕ್ಕೆ ಇಲ್ಲದ ಪೋರ್ಟ್ ಹುಟ್ಟುವುದಿಲ್ಲ. ಜನ ಇದನ್ನು ನಂಬಿ ವಾರಗಟ್ಟಲೆ ಕೂರುತ್ತಾರೆ, ಆಮೇಲೆ ಲಿನಕ್ಸ್ ಸರಿ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರ.

ಈಗ ಕೆಲಸಕ್ಕೆ ಬನ್ನಿ. ಒಳಗಿನ ಹಾರ್ಡ್‌ವೇರ್ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಓಡಿಸಿದರೆ ನಿಮ್ಮ ಯಂತ್ರದಲ್ಲಿ ಇಂಟೆಲ್ ಐಸಿಎಚ್4 ಎಸಿ97 ಮೋಡೆಮ್ ಕಂಟ್ರೋಲರ್ ಅಂತ ಒಂದು ಸಾಲು ಬರುತ್ತದೆ. ಎಲ್ಲರೂ ಇಲ್ಲೇ ಎಡವುತ್ತಾರೆ. ನನ್ನದು ಇಂಟೆಲ್ ಮೋಡೆಮ್ ಅಂತ ಬರೆದು ಕಳಿಸುತ್ತಾರೆ. ಇಂಟೆಲ್‌ನದು ಬರೀ ದಾರಿ. ಆ ದಾರಿಯ ಕೊನೆಯಲ್ಲಿ, ಪುಟ್ಟ ಕಾರ್ಡಿನ ಮೇಲೆ ಯಾರ ಕೋಡೆಕ್ ಕೂತಿದೆ ಅನ್ನುವುದೇ ಮುಖ್ಯ. ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪ್‌ನಲ್ಲಿ ಎರಡು ಕಂಪನಿಯದು ಇರಬಹುದು. ಹಾಗಾಗಿ ಮಾಡೆಲ್ ನಂಬರ್ ಹೇಳಿದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಕೋಡೆಕ್ ಹೆಸರು ನೋಡಲು ಎಸ್‌ಎನ್‌ಡಿ-ಇಂಟೆಲ್8ಎಕ್ಸ್0ಎಂ ಅನ್ನುವ ಮಾಡ್ಯೂಲ್ ಲೋಡ್ ಆಗಿರಬೇಕು. ಕೊನೆಯ ಎಂ ಮರೆಯಬೇಡಿ. ಅದಿಲ್ಲದ ಹೆಸರಿನದು ಸೌಂಡ್ ಕಾರ್ಡ್‌ನ ಡ್ರೈವರ್. ಆಮೇಲೆ ಪ್ರೋಕ್ ಕೆಳಗಿನ ಎಸೌಂಡ್ ಫೋಲ್ಡರ್ ನೋಡಿ. ಮೋಡೆಮ್ ಇರುವ ಕಾರ್ಡಿನೊಳಗೆ ಎಂಸಿ97 ಅಂತ ಶುರುವಾಗುವ ಒಂದು ಫೈಲ್ ಇರುತ್ತದೆ. ಅದರ ಮೊದಲ ಸಾಲು ಓದಿ. ಇದು ಕಷ್ಟ ಅನ್ನಿಸಿದರೆ ಸ್ಕ್ಯಾನ್‌ಮೋಡೆಮ್ ಅನ್ನುವ ಸ್ಕ್ರಿಪ್ಟ್ ಓಡಿಸಿ, ಅದು ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದುಕೊಡುತ್ತದೆ.

ಸಾಲಿನಲ್ಲಿ ಸಿಲಿಕಾನ್ ಲ್ಯಾಬೊರೇಟರಿ ಅಂತ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ತೆಗೆದುಹಾಕಿದ ಪ್ರೊಸೆಸರ್‌ನ ಕೆಲಸ ಮಾಡಲು ಸ್ಮಾರ್ಟ್‌ಲಿಂಕ್ ಕಂಪನಿಯ ಎಸ್‌ಎಲ್‌ಮೋಡೆಮ್‌ಡಿ ಪ್ರೋಗ್ರಾಂ ಸಾಕು. ಅದನ್ನು ಆಲ್ಸಾ (ಲಿನಕ್ಸ್‌ನ ಸೌಂಡ್ ವ್ಯವಸ್ಥೆ) ಆಯ್ಕೆಯ ಜೊತೆ, ದೇಶ ಇಂಡಿಯಾ ಅಂತ ಕೊಟ್ಟು ಓಡಿಸಿ. ಡಿವೈಸ್ ಹೆಸರಿಗೆ ಮೋಡೆಮ್ ಕಾರ್ಡಿನ ನಂಬರ್ ಕೊಡಬೇಕು, ಸಾಮಾನ್ಯವಾಗಿ 1. ಸರಿಯಾದರೆ ಟಿಟಿವೈಎಸ್‌ಎಲ್0 ಅನ್ನು ಬಳಸಿ ಅಂತ ಪರದೆ ಮೇಲೆ ಸಾಲು ಬರುತ್ತದೆ. ಆ ಪ್ರೋಗ್ರಾಂ ಓಡುತ್ತಿರುವವರೆಗೆ ಮಾತ್ರ ಆ ಪೋರ್ಟ್ ಇರುತ್ತದೆ. ನೀವು ಇದನ್ನು ಓಡಿಸದೇ ಡಬ್ಲ್ಯುವಿಡಯಲ್‌ಕಾನ್ಫ್ ಓಡಿಸಿದಿರಿ, ಹುಡುಕಲು ಪೋರ್ಟೇ ಇರಲಿಲ್ಲ.

ಎಸ್‌ಎಲ್‌ಮೋಡೆಮ್‌ಡಿಯಲ್ಲಿ ಶಬ್ದ ಲೆಕ್ಕ ಮಾಡುವ ಭಾಗದ ಸೋರ್ಸ್ ಕಂಪನಿ ಕೊಟ್ಟಿಲ್ಲ. ಕಂಪೈಲ್ ಆದ 32-ಬಿಟ್ ತುಂಡು ಮಾತ್ರ ಇದೆ. 64-ಬಿಟ್ ಯಂತ್ರದವರು 32-ಬಿಟ್ ಆಲ್ಸಾ ಲೈಬ್ರರಿ ಸೇರಿಸಿಕೊಳ್ಳಬೇಕು. ನಿಮ್ಮ ಪೆಂಟಿಯಂ ಎಂ ಹೇಗೂ 32-ಬಿಟ್, ಆ ತಾಪತ್ರಯ ಇಲ್ಲ. ಆದರೆ ಡೆಬಿಯನ್ 12 ಬಿಟ್ಟು ಮುಂದೆ ಹೋಗಬೇಡಿ. 2025ರಲ್ಲಿ ಬಂದ 13ರಲ್ಲಿ 32-ಬಿಟ್ ಪಿಸಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ.

ಸಾಲಿನಲ್ಲಿ ಕೊನೆಕ್ಸಂಟ್ ಅಂತ ಇದ್ದರೆ ನನ್ನ ಸಲಹೆ ಬೇರೆ. ಅದಕ್ಕೆ ಲಿನಕ್ಸಂಟ್ ಅನ್ನುವ ಕಂಪನಿ ಎಚ್‌ಎಸ್‌ಎಫ್ ಡ್ರೈವರ್ ಮಾರುತ್ತಿತ್ತು. ಪುಕ್ಕಟೆ ಕೊಡುತ್ತಿದ್ದುದು ಸೆಕೆಂಡಿಗೆ 14,400 ಬಿಟ್‌ಗೆ ಕಟ್ಟಿಹಾಕಿದ್ದು. ಹಳೇ ಕರ್ನೆಲ್‌ಗೆ ಬರೆದ ಆ ಡ್ರೈವರನ್ನು ಇವತ್ತಿನ ಕರ್ನೆಲ್‌ಗೆ ಹೊಂದಿಸಲು ಕೂರಬೇಡಿ. ಒಂದು ಹೊರಗಿನ ಸೀರಿಯಲ್ ಮೋಡೆಮ್ ಹುಡುಕಿ. ಇಲ್ಲವೇ ಯುಎಸ್ ರೋಬೋಟಿಕ್ಸ್ 5637 ಥರದ ಯುಎಸ್‌ಬಿ ಮೋಡೆಮ್ ತನ್ನಿ. ಅದರೊಳಗೇ ಪ್ರೊಸೆಸರ್ ಇದೆ, ಚುಚ್ಚಿದ ಕೂಡಲೇ ಟಿಟಿವೈಎಸಿಎಂ0 ಅಂತ ಕಾಣಿಸುತ್ತದೆ, ಡ್ರೈವರ್ ಬೇಡ.

ಫೈಲ್ ಕಳಿಸಲು ಇಂಟರ್ನೆಟ್ ಡಯಲ್ ಮಾಡುವ ಡಬ್ಲ್ಯುವಿಡಯಲ್ ನಿಮಗೆ ಬೇಕಿಲ್ಲ. ಮೋಡೆಮ್ ಜೊತೆ ನೇರ ಮಾತಾಡುವ ಮಿನಿಕಾಮ್ ಪ್ರೋಗ್ರಾಂ ಸಾಕು, ಫೈಲ್ ಕಳಿಸುವ ಝಡ್‌ಮೋಡೆಮ್ ವಿಧಾನದಲ್ಲಿ ಕಳಿಸಿ. ಪೋರ್ಟ್ ಬಳಸುವ ಅನುಮತಿಗೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ. ಡಯಲ್ ಟೋನ್ ಇಲ್ಲ ಅಂದರೆ ಮೊದಲು ಎಟಿಎಕ್ಸ್3 ಕೊಡಿ, ಆಗ ಅದು ಟೋನ್‌ಗೆ ಕಾಯದೆ ನಂಬರ್ ಒತ್ತುತ್ತದೆ. ಹಾಸನದ ಕಡೆ, ಬಂದ ಕರೆ ಎತ್ತಿಕೊಳ್ಳುವ ಎಂಗೆಟ್ಟಿ ಪ್ರೋಗ್ರಾಂ ಹಾಕಿ. ಆದರೆ ಕರೆ ಎತ್ತಿಕೊಳ್ಳುವ ಕೆಲಸಕ್ಕೆ ಒಳಗಿನ ಮೋಡೆಮ್ ನಂಬಬೇಡಿ, ಅಲ್ಲಿ ಹೊರಗಿನದೇ ಇರಲಿ. ಹಾಸನದ ಫೋನ್ ಫೈಬರ್ ಡಬ್ಬಿಯಿಂದ ಬರುತ್ತಿದ್ದರೆ ವೇಗವನ್ನು ಸೆಕೆಂಡಿಗೆ 9,600 ಬಿಟ್‌ಗೆ ತಡೆದಿಡಿ. ಫೈಬರ್‌ನಲ್ಲಿ ಶಬ್ದ ಪ್ಯಾಕೆಟ್ ಆಗಿ ಹೋಗುತ್ತದೆ, ಒಂದೆರಡು ಬಿಟ್ಟುಹೋದರೆ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಮೋಡೆಮ್‌ಗೆ ಗೊತ್ತಾಗುತ್ತದೆ. 20 ಕೆಬಿ ಫೈಲ್‌ಗೆ ಆ ವೇಗದಲ್ಲೂ ಅರ್ಧ ನಿಮಿಷ ಬೇಡ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇನ್ನೊಂದು ರಿಸೀವರ್ ಎತ್ತದ ಹಾಗೆ ಹೇಳಿಡಿ.

ಕೊನೆಗೆ, ನೀವು ಕೇಳದೇ ಇದ್ದ ವಿಷಯ. ಕಾಫಿ ಹೂ ಅರಳಿಸುವ ಹೂಮಳೆ ಬರುವ ದಿನಗಳಲ್ಲಿ, ಫೈಲ್ ಹೋದ ತಕ್ಷಣ ಫೋನ್ ತಂತಿ ಕಿತ್ತುಬಿಡಿ. ಕರೆಂಟ್ ಪ್ಲಗ್ ಮಾತ್ರ ತೆಗೆದರೆ ಸಾಲದು. ಕಿಲೋಮೀಟರ್‌ಗಟ್ಟಲೆ ಬಯಲಲ್ಲಿ ಓಡುವ ತಂತಿ ಅದು. ಒಂದು ಏಪ್ರಿಲ್ ಸಂಜೆ ಗುಡುಗು ಇನ್ನೂ ದೂರ ಇದೆ ಅಂತ ನಾನು ಸುಮ್ನೆ ಬಿಟ್ಟಿದ್ದೆ. ಮಾರನೇ ದಿನ ಬಿಚ್ಚಿದಾಗ ಎರಡು ಎಳೆಯ ಆ ವೈರಿನ ಬುಡ ಕಪ್ಪಾಗಿತ್ತು, ಕಾರ್ಡ್ ಮೇಲೆ ಒಂದು ಸಣ್ಣ ಬಿಡಿಭಾಗ ಸೀಳಿಹೋಗಿತ್ತು, ಸುಟ್ಟ ವಾಸನೆ ವಾರ ಕಳೆದರೂ ಹೋಗಲಿಲ್ಲ. ಆವತ್ತಿನಿಂದ ಮೋಡ ಕಪ್ಪಾದರೆ ನಾನು ಮೊದಲು ಮುಟ್ಟುವುದು ಫೋನ್ ತಂತಿ.

ಪ್ರಶ್ನೆ: ಎರಡೂ ಕಡೆ 56ಕೆ ಮೋಡೆಮ್ ಇದೆ. 33.6ಕ್ಕಿಂತ ಮೇಲೆ ಹೋಗುತ್ತಿಲ್ಲ. ದೋಷ ಎಲ್ಲಿದೆ?

ಉತ್ತರ: ದೋಷವೇ ಇಲ್ಲ. 56 ಸಿಗಬೇಕಾದರೆ ಒಂದು ತುದಿ ಎಕ್ಸ್‌ಚೇಂಜ್‌ಗೆ ಡಿಜಿಟಲ್ ಆಗಿ ಸೇರಿರಬೇಕು. ಮನೆಯಿಂದ ಮನೆಗೆ 33.6 ಕೊನೆ.

ಪ್ರಶ್ನೆ: ವಿಂಡೋಸ್‌ನ ಮೋಡೆಮ್ ಡ್ರೈವರನ್ನು ವೈನ್‌ನಲ್ಲಿ ಅಥವಾ ಎನ್‌ಡಿಐಎಸ್‌ವ್ರ್ಯಾಪರ್‌ನಲ್ಲಿ ಹಾಕಬಹುದಾ?

ಉತ್ತರ: ಆಗುವುದಿಲ್ಲ. ವೈನ್ ಪ್ರೋಗ್ರಾಂಗಳಿಗೆ, ಇನ್ನೊಂದು ನೆಟ್‌ವರ್ಕ್ ಕಾರ್ಡ್‌ಗಳಿಗೆ. ಹಾಕಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ಮೋಡೆಮ್‌ಗೆ ಯಾವ ಲಿನಕ್ಸ್ ಡಿಸ್ಟ್ರೋ ಒಳ್ಳೆಯದು?

ಉತ್ತರ: ಡಿಸ್ಟ್ರೋ ಬದಲಿಸಿದರೆ ಚಿಪ್ ಬದಲಾಗುವುದಿಲ್ಲ, ಅಲ್ವಾ? ಮೇಲಿನ ಉತ್ತರ ಓದಿ.

ಪ್ರಶ್ನೆ: ಆಫೀಸಿನ ಇಪಿಎಬಿಎಕ್ಸ್ ಎಕ್ಸ್‌ಟೆನ್ಷನ್‌ಗೆ ಲ್ಯಾಪ್‌ಟಾಪ್ ಚುಚ್ಚಿ ಪರೀಕ್ಷೆ ಮಾಡಬಹುದಾ? ತೂತು ಒಂದೇ ಅಳತೆಯದು.

ಉತ್ತರ: ಅಳತೆ ಒಂದೇ ಆದರೂ ಡಿಜಿಟಲ್ ಎಕ್ಸ್‌ಟೆನ್ಷನ್‌ನ ವಿದ್ಯುತ್ ಬೇರೆ, ಮೋಡೆಮ್ ಸುಟ್ಟುಹೋಗಬಹುದು. ಆ ತೂತಿಗೆ ಒಂದು ಮಾಮೂಲಿ ಮನೆ ಫೋನ್ ಕೆಲಸ ಮಾಡುತ್ತಾ ಅಂತ ಇಪಿಎಬಿಎಕ್ಸ್ ನೋಡಿಕೊಳ್ಳುವವರನ್ನು ಕೇಳಿ. ಹೌದು ಅಂದರೆ ಚುಚ್ಚಿ. ಗೊತ್ತಿಲ್ಲ ಅಂದರೆ ಬೇಡ.