ಪಶ್ಚಿಮದ ಗೋಡೆ ಒಡೆಯಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕಲಬುರಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ದಿಬ್ಬದ ಮೇಲೆ, ಕಲ್ಲಿನ ಹಳೆಯ ಮಾಳಿಗೆ ಮನೆ ಮಾರಾಟಕ್ಕಿದೆ. ಜೊತೆಗೆ 20 ಗುಂಟೆ ಹೊಲ. ಹಿತ್ತಿಲಲ್ಲಿ ನಿಂತರೆ ಪಶ್ಚಿಮಕ್ಕೆ ಕಾಡಿನ ಗುಡ್ಡಗಳು, ಅವುಗಳ ನಡುವೆ ಚಂದ್ರಂಪಳ್ಳಿ ಜಲಾಶಯದ ನೀರು ಕಾಣುತ್ತದೆ. ಆಗಸ್ಟ್‌ನಲ್ಲಿ ನೋಡಿ ಬಂದಾಗಿನಿಂದ ಮನಸ್ಸು ಅಲ್ಲೇ ಇದೆ. ಆ ಕಡೆಯ ಗೋಡೆ ಒಡೆದು ದೊಡ್ಡ ಗಾಜಿನ ಕಿಟಕಿ ಇಡಿಸಬೇಕೆಂದಿದ್ದೇನೆ. ಮಾರುವವರು ಹೈದರಾಬಾದ್‌ನಲ್ಲಿರುವ ಅಣ್ಣತಮ್ಮಂದಿರು. ಒಂಬತ್ತು ಲಕ್ಷ ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಅಕ್ಕನವರೇ, ಮನೆ ಕೊಳ್ಳುವ ಮಾತನ್ನು ಮುಂದುವರಿಸಿ. ಕಿಟಕಿಯ ಯೋಚನೆಯನ್ನು ಮಾತ್ರ ಇಂದೇ ಬಿಟ್ಟುಬಿಡಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಿಂದ ನಡುಗಿದಾಗ ಸುಮಾರು 10,000 ಜನ ಸತ್ತರು. ಆಗ ನಾನು ಕಿರಿಯ ಎಂಜಿನಿಯರ್. ಆಳಂದದ ಗಡಿ ಹಳ್ಳಿಗಳಲ್ಲಿ ಬಿರುಕು ಬಿಟ್ಟ ಮನೆಗಳನ್ನು ನೋಡುತ್ತ ತಿರುಗಿದ್ದೇನೆ. ಕಿಲ್ಲಾರಿಯಲ್ಲಿ ಅಷ್ಟು ಜೀವ ಹೋದದ್ದು ಬಹುಪಾಲು ನೀವು ಹೇಳುವಂಥ ಮನೆಗಳಲ್ಲೇ. ನೋಡಲು ಕೋಟೆಯಂತಿರುವ ಆ ಗೋಡೆ ಒಂದೇ ಗೋಡೆಯಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡನ್ನೂ ಬೆಸೆದು ಹಿಡಿಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡದಿದ್ದರೆ, ನೆಲ ಅಲುಗಿದಾಗ ಒಂದು ಸಾಲು ಬೀದಿಗೆ, ಇನ್ನೊಂದು ಮಲಗಿದವರ ಮೇಲೆ ಬೀಳುತ್ತದೆ. ಅದರ ಹಿಂದೆಯೇ ಮಾಳಿಗೆಯ ಮಣ್ಣು. ಸೋರಿದಾಗಲೆಲ್ಲ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ಯಾರೂ ಇಳಿಸುವುದಿಲ್ಲ. ಅಜ್ಜನ ಕಾಲದಲ್ಲಿ ಗೇಣು ದಪ್ಪವಿದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಮೊಳವಾಗಿರುತ್ತದೆ.

ಅದು ಹಳೆಯ ಕಥೆ, ಮಹಾರಾಷ್ಟ್ರದ ಕಥೆ ಎನ್ನಬೇಡಿ. 2021ರ ಅಕ್ಟೋಬರ್‌ನಲ್ಲಿ ನಿಮ್ಮದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ಕಂಪಿಸಿ, ಜನ ಮನೆ ಬಿಟ್ಟು ಹೊರಗೆ ಮಲಗಿದರು. ಅಂಥ ತಾಲ್ಲೂಕಿನಲ್ಲಿ, ಅಂಥ ಗೋಡೆಯಲ್ಲಿ, ಉದ್ದಗಲದ ಬಾಯಿ ತೆರೆಯುವುದಕ್ಕೆ ನಾನು ಯಾರಿಗೂ ಹೂಂ ಎನ್ನಲಾರೆ.

ಹಳೇ ಮನೆ ಕಟ್ಟಿ ಬಲ್ಲ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ. ಹೊರಗೋಡೆಯ ನೆತ್ತಿಯಿಂದ ತೂಗುಗುಂಡು ಇಳಿಬಿಡಿಸಿ. ನಡುವೆ ಗೋಡೆ ದಾರಕ್ಕೆ ತಾಗಿದರೆ ಅದು ಹೊಟ್ಟೆ ಬಿಟ್ಟಿದೆ ಎಂದು ಅರ್ಥ. ಒಳಗೆ ಹೋಗಿ ತೊಲೆಗಳು ಎಲ್ಲಿ ಕುಳಿತಿವೆ ನೋಡಿ. ಅಂಕಣ ಅಂಕಣಕ್ಕೂ ಕಟ್ಟಿಗೆಯ ಕಂಬ ನಿಂತು ತೊಲೆಯನ್ನು ಹೊತ್ತಿದ್ದರೆ ನಿಮ್ಮ ಪುಣ್ಯ. ಕಿಲ್ಲಾರಿಯಲ್ಲೂ ಗೋಡೆ ಉದುರಿದ ಮೇಲೆ ಕಂಬ-ತೊಲೆಯ ಹಂದರ ನಿಂತೇ ಇದ್ದ ಮನೆಗಳಿದ್ದವು. ತೊಲೆ ನೇರ ಗೋಡೆಯ ಮೇಲೆಯೇ ಕುಳಿತಿದ್ದರೆ ಯೋಚಿಸಬೇಕು. ಕಂಬದ ಬುಡವನ್ನೂ ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯನ್ನೂ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಮರ ಠಣ್ ಎನ್ನುತ್ತದೆ. ಗೆದ್ದಲು ತಿಂದದ್ದು ಬೊದ್ದೆಂದು ಸದ್ದು ಮಾಡುತ್ತದೆ, ಕೆಳಗೆ ಮಣ್ಣಿನ ಪುಡಿ ಉದುರುತ್ತದೆ. ಹಂದರ ಗಟ್ಟಿಯಿದ್ದರೆ ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ, ಗೋಡೆಗೆ ಅಲ್ಲಲ್ಲಿ ತೂತು ಕೊರೆದು ಎರಡು ಸಾಲನ್ನೂ ಕಬ್ಬಿಣ-ಕಾಂಕ್ರೀಟಿನಿಂದ ಬೆಸೆಯಬಹುದು. ಈ ಖರ್ಚನ್ನು ಲೆಕ್ಕ ಹಾಕಿ, ಒಂಬತ್ತು ಲಕ್ಷದಿಂದ ಅಷ್ಟನ್ನು ಇಳಿಸಿ ಎಂದು ಕೇಳಿ. ನ್ಯಾಯದ ಬೇಡಿಕೆ ಅದು.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಆ ದಪ್ಪ ಗೋಡೆ ಮಧ್ಯಾಹ್ನದ ಬಿಸಿಯನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸುತ್ತದೆ. ಅಲ್ಲಿ ಗಾಜು ಕೂರಿಸಿದರೆ ಮೂರು ಗಂಟೆಯಿಂದ ಸೂರ್ಯ ಮುಳುಗುವವರೆಗೆ ನೀವು ಪಡಸಾಲೆಯಲ್ಲಿ ಕೂರಲಾರಿರಿ. ಪರದೆ ಎಳೆದು ಕೂತರೆ ಗುಡ್ಡವೂ ಕಾಣುವುದಿಲ್ಲ. ಗುಡ್ಡ ನೋಡಲು ಕಿಟಕಿಯ ಬದಲು ಹಿತ್ತಿಲ ಬಾಗಿಲಾಚೆ ಶಹಾಬಾದ್ ಕಲ್ಲು ಹಾಸಿ ಅಗಲವಾದ ಕಟ್ಟೆ ಕಟ್ಟಿಸಿ. ಹಗುರವಾದ ತಗಡಿನ ಚಪ್ಪರವನ್ನು ಅದರದೇ ಕಂಬಗಳ ಮೇಲೆ ನಿಲ್ಲಿಸಿ, ಮನೆಯ ಗೋಡೆಗೆ ಆತುಕೊಳ್ಳದಂತೆ.

ನೀರಿನ ವಿಷಯ ನೀವು ಬರೆದೇ ಇಲ್ಲ. ದಿಬ್ಬದ ಮನೆಗೆ ಮೊದಲ ಚಿಂತೆ ಅದು. ಆ ಭಾಗದ ಎತ್ತರದ ನೆಲ ಹಲವೆಡೆ ಕೆಂಪು ಜಂಬಿಟ್ಟಿಗೆ. ಮಳೆನೀರನ್ನು ಬೇಗ ಹೀರಿ ಅಂಚಿನ ಇಳಿಜಾರಿನಲ್ಲಿ ಹೊರಬಿಡುತ್ತದೆ. ಬೀದರ್ ನಿಂತಿರುವುದೂ ಇಂಥ ನೆಲದ ಮೇಲೆ. ಬಹಮನಿಗಳ ಕಾಲದಲ್ಲಿ ಅದರ ಪಕ್ಕದ ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿ ನೀರು ತರಬೇಕಾಯಿತು. ಆದ್ದರಿಂದ ಮನೆಯನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿ. ಜಲಾಶಯ ಆಗ ಎಷ್ಟು ಕೆಳಗೆ ಇಳಿದಿರುತ್ತದೆ ಎಂಬುದೂ ಗೊತ್ತಾಗುತ್ತದೆ. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ತಗಡಿನ ಚಪ್ಪರ 30 ಚದರ ಮೀಟರ್ ಇದ್ದು, ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೂ 21,000 ಲೀಟರ್ ಆಗುತ್ತದೆ. ಸ್ವಲ್ಪ ಪೋಲಾದರೂ ತೊಟ್ಟಿ ಕಟ್ಟಿಸಲು ಯೋಗ್ಯ.

ಕಾಗದಪತ್ರ: ಮನೆಗೆ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. ಹೊಲದ ಪಹಣಿಯಲ್ಲಿ 11ನೇ ಕಾಲಂ ಬಿಡದೆ ಓದಿ. ಸಾಲ, ಇತರ ಹಕ್ಕುಗಳು ಅಲ್ಲಿರುತ್ತವೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು, ಆ ಭಯ ಬೇಡ. ಆದರೆ ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಚಿಂಚೋಳಿ ವನ್ಯಜೀವಿಧಾಮ ಹತ್ತಿರವಿರುವುದರಿಂದ ಸರ್ವೆ ನಂಬರ್ ಹಿಡಿದು ಅರಣ್ಯ ಇಲಾಖೆಯಲ್ಲೂ ವಿಚಾರಿಸಿ.

ಅಣ್ಣತಮ್ಮಂದಿರು ಎಂದಿದ್ದೀರಿ, ಅಕ್ಕತಂಗಿಯರು ಇದ್ದಾರೆಯೇ? ಪಿತ್ರಾರ್ಜಿತ ಮನೆಯಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬ ಹಕ್ಕುದಾರರೂ, ಯಾವ ಊರಿಗೆ ಕೊಟ್ಟ ಮಗಳೇ ಆಗಲಿ, ಕ್ರಯಪತ್ರಕ್ಕೆ ಸಹಿ ಹಾಕಲು ಒಪ್ಪಿದ ಮೇಲೆಯೇ ಮುಂಗಡ ಕೊಡಿ. ಕೊಡುವುದನ್ನು ಬ್ಯಾಂಕ್ ಮೂಲಕವೇ ಕೊಡಿ. ಗೌಂಡಿ ಏನು ಹೇಳಿದರು, ತೊಲೆ ಎಲ್ಲಿ ಕುಳಿತಿದೆ ಎಂಬುದನ್ನು ನನಗೆ ಬರೆದು ತಿಳಿಸಿ. ಸಾಧ್ಯವಾದರೆ ಪಶ್ಚಿಮದ ಗೋಡೆಯ ಒಳಗಿನ, ಹೊರಗಿನ ಎರಡೂ ಚಿತ್ರ ಕಳುಹಿಸಿ.