ಕೀನ್ಯಾದ ಗಿಥೇರಿಯನ್ನು ಮನೆಯಲ್ಲಿ ಬೇಯಿಸುವುದು ಹೇಗೆ?

ಗಿಥೇರಿಯು ಮಧ್ಯ ಕೀನ್ಯಾದ ಕಿಕುಯು ಜನರ ಸಾಂಪ್ರದಾಯಿಕ ಊಟ. ಮೆಕ್ಕೆಜೋಳದ ಇಡಿಕಾಳು ಮತ್ತು ರಾಜ್ಮಾದಂಥ ಕಾಳು ಒಟ್ಟಿಗೆ ಹದವಾಗಿ ಬೆಂದರೆ ಬಹುಪಾಲು ಕೆಲಸ ಮುಗಿದಂತೆ. ಎರಡು ಪಾಲು ಒಣ ಮೆಕ್ಕೆಜೋಳ, ಒಂದು ಪಾಲು ರಾಜ್ಮಾವನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಏಕೆಂದರೆ ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶವು ಕುದಿಯದ ಮಂದ ಬಿಸಿಯಲ್ಲಿ ನಾಶವಾಗುವುದಿಲ್ಲ. ಬಳಿಕ ಎರಡೂ ಮೆತ್ತಗಾಗುವವರೆಗೆ ಬೇಯಿಸಬೇಕು. ಪಾತ್ರೆಯಲ್ಲಾದರೆ ಎರಡು ಮೂರು ಗಂಟೆ ಹಿಡಿದೀತು, ಕುಕ್ಕರ್ ಇದ್ದರೆ ಅಷ್ಟು ಕಾಯಬೇಕಿಲ್ಲ. ಟೊಮೆಟೊದ ಹುಳಿಯು ಕಾಳು ಮೆತ್ತಗಾಗುವುದನ್ನು ತಡಮಾಡುವುದರಿಂದ, ಅದನ್ನು ಈರುಳ್ಳಿಯೊಂದಿಗೆ ಬೇರೆಯಾಗಿ ಬಾಡಿಸಿ, ಬೆಂದ ಕಾಳಿಗೆ ಉಪ್ಪಿನ ಜೊತೆ ಬೆರೆಸಿ ಸ್ವಲ್ಪ ಹೊತ್ತು ಕುದಿಸಬೇಕು. ಸ್ವೀಟ್‌ಕಾರ್ನ್ ಬೇಗ ಬೇಯುತ್ತದೆ ನಿಜ, ಆದರೆ ಅದರ ಸಿಹಿ ಈ ಅಡುಗೆಗೆ ಒಗ್ಗದು.